ನಡಿಗೆಯ ವೇಳೆ, ಹರಿಗೋಲು ಮತ್ತು ದರದ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಆನೆಗುಂದಿ, ಫೆಬ್ರುವರಿ 2025

ಮಾನ್ಯರೇ,

ಆನೆಗುಂದಿಯ ಗುಡ್ಡಗಳಲ್ಲಿ ನಡಿಗೆ ಮತ್ತು ತುಂಗಭದ್ರಾ ಹೊಳೆಯಲ್ಲಿ ಹರಿಗೋಲು ನಡೆಸುವ ನಮ್ಮ ಸಂಘದ ಎಲ್ಲ ಮಾರ್ಗದರ್ಶಿಗಳ, ಅಂಬಿಗರ ಮತ್ತು ಅಡುಗೆಮನೆಯವರ ಪರವಾಗಿ ತಮಗೆ ನಮಸ್ಕಾರಗಳು.

ಬರುವ ಯುಗಾದಿಯಿಂದ, ಅಂದರೆ ಮಾರ್ಚ್ 30ರಿಂದ, ನಮ್ಮ ನಡಿಗೆಗಳ ವೇಳೆ, ಹರಿಗೋಲು ಬಿಡುವ ಕ್ರಮ ಮತ್ತು ದರ ಮೂರೂ ಬದಲಾಗುತ್ತವೆ. ಯುಗಾದಿಯಿಂದ ಜೂನ್ ಕೊನೆಯವರೆಗೆ ಗುಡ್ಡದ ನಡಿಗೆಯು ಬೆಳಗಿನ 6 ಗಂಟೆಗೆ ಹೊರಟು 8.30ಕ್ಕೆ ಮುಗಿಯುತ್ತದೆ, ಆ ತಿಂಗಳುಗಳಲ್ಲಿ ಸಂಜೆಯ ನಡಿಗೆ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುವ ಇಡೀ ದಿನದ ನಡಿಗೆಯನ್ನು ಇನ್ನು ಮುಂದೆ ದೀಪಾವಳಿಯಿಂದ ಮಹಾಶಿವರಾತ್ರಿಯವರೆಗೆ ಮಾತ್ರ ನಡೆಸುತ್ತೇವೆ. ಹರಿಗೋಲು ಬಿಡುವುದೋ ಇಲ್ಲವೋ ಎಂಬುದನ್ನು ತಿಂಗಳು ನೋಡಿ ಹೇಳದೆ, ತುಂಗಭದ್ರಾ ಜಲಾಶಯದ ಹೊರಹರಿವು ನೋಡಿ ಹಿಂದಿನ ದಿನ ಸಂಜೆ ತಿಳಿಸುತ್ತೇವೆ. ದರವು ತಲಾ 500 ರೂಪಾಯಿಯಿಂದ 650 ರೂಪಾಯಿಗೆ ಏರುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈಗಿನಂತೆಯೇ ಅರ್ಧ ದರ.

ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಗಳಿಗೆ ಈಗಾಗಲೇ ಮುಂಗಡ ಕೊಟ್ಟಿರುವ ಕುಟುಂಬಗಳಲ್ಲಿ ನಾವು ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಶಾಲೆಗೆ ರಜೆ ಬಿಡುವುದು ಆ ಎರಡು ತಿಂಗಳಲ್ಲಿಯೇ ಎಂಬುದೂ, ರೈಲಿನ ಟಿಕೆಟ್ ತೆಗೆದು, ಊರಿನ ನೆಂಟರಿಗೆ ಹೇಳಿ, ಎಲ್ಲ ಹೊಂದಿಸಿಕೊಂಡ ಮೇಲೆ ಇಂಥ ಪತ್ರ ಬಂದರೆ ಬೇಸರವಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. ಆದರೆ ಆ ರಜೆಯ ತಿಂಗಳುಗಳೇ ನಮಗೂ ಹೆಚ್ಚು ಜನ ಬರುವ ತಿಂಗಳುಗಳು. ಸಂಜೆಯ ನಡಿಗೆ ನಿಲ್ಲಿಸಿದರೆ ಮೊದಲು ಕಡಿಮೆಯಾಗುವುದು ನಮ್ಮ ಮಾರ್ಗದರ್ಶಿಗಳ ಕೂಲಿಯೇ. ಲಾಭಕ್ಕಾಗಿ ಈ ಕ್ರಮ ಕೈಗೊಂಡಿದ್ದೇವೆ ಎಂದು ಹೇಳುವವರು ಈ ಒಂದು ಅಂಶವನ್ನು ಗಮನಿಸಬೇಕೆಂದು ವಿನಂತಿ.

ಕಳೆದ ವರ್ಷದಿಂದ ನಾವು ಮೇಲಿಂದ ಮೇಲೆ ಕೇಳುತ್ತಿರುವ ಮಾತೊಂದಿದೆ. "ಬಿಸಿಲು ಈ ಸೀಮೆಗೆ ಹೊಸದೇ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇರುವುದೇ ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡು ಕಾಲ. ಹತ್ತು ವರ್ಷದ ಹಿಂದೆ ಇದೇ ಗುಡ್ಡವನ್ನು ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಹತ್ತಿಸಿದವರು ಈಗ ಹವಾಮಾನದ ನೆಪ ಹೇಳಿ ನಡಿಗೆಯನ್ನು ಮೊಟಕುಗೊಳಿಸುತ್ತಿದ್ದಾರೆ. ಹವಾಮಾನ ಇಲಾಖೆಯೇ ಎಚ್ಚರಿಕೆ ಕೊಡದ ದಿನ ಇವರೇಕೆ ರದ್ದು ಮಾಡಬೇಕು?" ಹೀಗೆ ಕೇಳುವವರು ನಮ್ಮ ಹಳೆಯ ಗ್ರಾಹಕರೇ ಆಗಿರುವುದರಿಂದ, ಈ ಪ್ರಶ್ನೆಗೆ ಒಂದೆರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸು ಒಪ್ಪುವುದಿಲ್ಲ.

ಮೊದಲಿಗೆ ಎಚ್ಚರಿಕೆಯ ವಿಷಯ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಅದು ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ವಾಡಿಕೆ ಏನೇ ಇದ್ದರೂ 45 ಡಿಗ್ರಿ ಮುಟ್ಟಬೇಕು. ಹಾಗಾದಾಗ ಮಾತ್ರ ಭಾರತೀಯ ಹವಾಮಾನ ಇಲಾಖೆಯು ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಕರಾವಳಿ ಮತ್ತು ಗುಡ್ಡಗಾಡಿಗೆ ಅಳತೆ ಬೇರೆ. ವಾಡಿಕೆಯೇ 40ರ ಆಸುಪಾಸಿನಲ್ಲಿರುವ ನಮ್ಮಂಥ ಸೀಮೆಯಲ್ಲಿ 42 ಅಥವಾ 43 ಡಿಗ್ರಿಯ ದಿನವು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಎಚ್ಚರಿಕೆ ಇಲ್ಲ ಎಂದರೆ ಇಲ್ಲಿನ ಮಟ್ಟಿಗೆ ಅಸಾಮಾನ್ಯವಲ್ಲ ಎಂದಷ್ಟೇ ಅರ್ಥ. ಬೆಂಗಳೂರಿನಿಂದ ಹಿಂದಿನ ರಾತ್ರಿ ಬಂದಿಳಿದವರ ದೇಹಕ್ಕೆ ಅದು ಸುರಕ್ಷಿತ ಎಂದು ಅರ್ಥವಲ್ಲ. ಮೇಲಾಗಿ, ಇಲಾಖೆಯ ತಾಪಮಾಪಕವು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಇರುತ್ತದೆ. ನಮ್ಮ ನಡಿಗೆ ಸಾಗುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳ ನಡುವೆ. ಮಧ್ಯಾಹ್ನದ ಬಿಸಿಲು ಕುಡಿದ ಬಂಡೆ ಕಾದ ಹಂಚಿನಂತೆ. ಒಲೆ ಆರಿಸಿದ ಕೂಡಲೇ ಅದು ತಣ್ಣಗಾಗುವುದಿಲ್ಲ. ಸಂಜೆ ಐದಕ್ಕೆ ಬಿಸಿಲು ಇಳಿದಂತೆ ಕಂಡರೂ ಮೇಲಿನಿಂದ ಬರುವ ಬಿಸಿ ಕಡಿಮೆಯಾಗಿರುತ್ತದೆಯೇ ಹೊರತು ಕಾಲಡಿಯಿಂದ ಮತ್ತು ಎರಡೂ ಬದಿಯಿಂದ ಬರುವ ಬಿಸಿ ಹಾಗೆಯೇ ಇರುತ್ತದೆ. ದಿನದಲ್ಲಿ ಬಂಡೆ ಅತಿ ತಂಪಾಗಿರುವುದು ಸೂರ್ಯೋದಯದ ಹೊತ್ತಿಗೆ. ಸಂಜೆಯ ನಡಿಗೆ ಕೈಬಿಟ್ಟು ಬೆಳಗಿನದನ್ನು ಉಳಿಸಿಕೊಂಡಿರುವುದಕ್ಕೆ ಮುಖ್ಯ ಕಾರಣ ಇದು. ಇನ್ನಷ್ಟು ತಡವಾಗಿ, ಕತ್ತಲಾಗುವ ಹೊತ್ತಿಗೆ ಹೊರಡಿಸಬಹುದಲ್ಲ ಎಂದು ಸೂಚಿಸಿದವರೂ ಇದ್ದಾರೆ. ಇವು ಚಿರತೆ ಮತ್ತು ಕರಡಿ ಓಡಾಡುವ ಗುಡ್ಡಗಳು. ಕತ್ತಲಲ್ಲಿ ಮಕ್ಕಳನ್ನು ಇಳಿಜಾರಿನಲ್ಲಿ ನಡೆಸುವ ಹೊಣೆಯನ್ನು ನಾವು ಹೊರುವುದಿಲ್ಲ.

ಇನ್ನು, ಬಿಸಿಲು ಹೊಸದಲ್ಲ ಎಂಬ ಮಾತು. ಅದು ನಿಜ, ಅದನ್ನು ನಮ್ಮಷ್ಟು ಬಲ್ಲವರು ಕಡಿಮೆ. ಬೇಸಿಗೆಯಲ್ಲಿ ಇಲ್ಲಿನ ರೈತರು ನಸುಕಿನಲ್ಲೇ ಹೊಲ ಸೇರಿ, ಬಿಸಿಲೇರುವ ಮೊದಲು ಮನೆಗೆ ಮರಳುತ್ತಾರೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ಇದೆ. ಈ ಸೀಮೆಯ ಜನ ಬಿಸಿಲನ್ನು ಎಂದೂ ಹಗುರವಾಗಿ ಕಂಡವರಲ್ಲ. ಅದಕ್ಕೆ ತಕ್ಕಂತೆ ದಿನವನ್ನು ಹೊಂದಿಸಿಕೊಂಡು ಬದುಕಿದವರು. ನಾವು ಈಗ ಮಾಡುತ್ತಿರುವುದೂ ಅದನ್ನೇ. ಬದಲಾಗಿರುವುದು ಬಿಸಿಲಿನ ಇರುವಿಕೆಯಲ್ಲ, ಅದರ ಅವಧಿ ಮತ್ತು ಸ್ವಭಾವ. ಶಿವರಾತ್ರಿ ಕಳೆಯುತ್ತಿದ್ದಂತೆಯೇ ಮಧ್ಯಾಹ್ನದ ನಡಿಗೆ ಕಷ್ಟವಾಗುತ್ತಿರುವುದನ್ನು ನಮ್ಮ ಮಾರ್ಗದರ್ಶಿಗಳು ವರ್ಷದಿಂದ ವರ್ಷಕ್ಕೆ ಕಾಣುತ್ತಿದ್ದಾರೆ. ಜಾಗತಿಕ ಸರಾಸರಿಯನ್ನು ನೋಡಿದರೆ, ದಾಖಲೆಗಳಿರುವಷ್ಟು ಕಾಲದಲ್ಲಿ 2024ರಷ್ಟು ಬಿಸಿಯಾದ ವರ್ಷ ಮತ್ತೊಂದಿಲ್ಲ ಎಂದು ವಿಶ್ವ ಹವಾಮಾನ ಸಂಸ್ಥೆ 2025ರ ಜನವರಿಯಲ್ಲಿ ಹೇಳಿದೆ.

ಒಣ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ, ಮೈ ತಂಪಾಗುತ್ತದೆ. ಮೇ ತಿಂಗಳಲ್ಲಿ ಅಡ್ಡಮಳೆಯ ಮೋಡ ಕವಿದು ಗಾಳಿಯಲ್ಲಿ ತೇವ ಸೇರಿದಾಗ ತಾಪಮಾಪಕ ಎರಡು ಡಿಗ್ರಿ ಕಡಿಮೆ ತೋರಿಸಬಹುದು, ಆದರೆ ಬೆವರು ಆರುವುದಿಲ್ಲ. ದೇಹದ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ದೇಹದ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ದಿಕ್ಕು ತಪ್ಪಿದಂತಾದರೆ ಅದು ಬಿಸಿಲಾಘಾತ, ಜೀವಕ್ಕೆ ಅಪಾಯ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಮತ್ತು ಬಿ.ಪಿ.ಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಭಯ ಹೆಚ್ಚು. ನಮ್ಮೊಂದಿಗೆ ಬರುವ ಕುಟುಂಬಗಳಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೇ ಇರುತ್ತಾರೆ. ಗುಡ್ಡದ ನೆತ್ತಿಯಿಂದ ಒಬ್ಬರನ್ನು ಹೊತ್ತು ಇಳಿಸಿ ಗಂಗಾವತಿಯ ಆಸ್ಪತ್ರೆ ಸೇರಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು ಲೆಕ್ಕ ಹಾಕಿಯೇ ನಾವು ವೇಳೆಯನ್ನು ಗೊತ್ತು ಮಾಡಿದ್ದೇವೆ.

ಹರಿಗೋಲಿನ ಬಗ್ಗೆ ಬರುವ ದೂರು ಬೇರೆ. ಆಕಾಶದಲ್ಲಿ ಒಂದು ಮೋಡವಿಲ್ಲ, ಬಿಸಿಲು ಹೊಳೆಯುತ್ತಿದೆ, ಹೀಗಿರುವಾಗ ಹೊಳೆಗೆ ಇಳಿಸುವುದಿಲ್ಲ ಎಂದರೆ ಏನರ್ಥ ಎಂದು ಆಗಸ್ಟ್ ತಿಂಗಳಲ್ಲಿ ದಡದಲ್ಲೇ ನಿಂತು ಜಗಳವಾಡಿದವರಿದ್ದಾರೆ. ನಮ್ಮದು ಮಳೆನೆರಳಿನ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಹುಬ್ಬ, ಉತ್ತರಿ ಮಳೆಗಳ ಸೆಪ್ಟೆಂಬರ್ ತಿಂಗಳಲ್ಲಿಯೇ ಹೆಚ್ಚು. ಹೊಳೆ ತುಂಬುವುದು ನಮ್ಮ ಮಳೆಯಿಂದಲ್ಲ. ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟಗಳಲ್ಲಿ ಸುರಿದದ್ದು ತುಂಗೆ ಭದ್ರೆಯರಲ್ಲಿ ಹರಿದು, ಕೂಡಲಿಯಲ್ಲಿ ಸೇರಿ, ಜಲಾಶಯಕ್ಕೆ ಬಂದು, ಗೇಟು ತೆರೆದಾಗ ಆನೆಗುಂದಿಗೆ ಬರುತ್ತದೆ. ಇಲ್ಲಿ ಒಣಹವೆ ಇರುವಾಗಲೇ ಹೊಳೆ ಬಂಡೆಗಳನ್ನು ಮುಳುಗಿಸಿಕೊಂಡು ಹರಿಯುವುದು ಈ ಕಾರಣದಿಂದ.

ಕಳೆದ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಆಗ ಹೊಳೆ ಸೊರಗಿ ಹರಿಗೋಲಿನ ತಳ ಬಂಡೆಗೆ ಉಜ್ಜಿ ಕಿತ್ತುಹೋಯಿತು. ಮರುವರ್ಷ ಜಲಾಶಯ ತುಂಬಿತು, ನಾವೆಲ್ಲ ಸಂತೋಷಪಟ್ಟೆವು. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಒಂದು ವರ್ಷ ನೀರಿಲ್ಲದೆ, ಇನ್ನೊಂದು ವರ್ಷ ನೀರು ಹೆಚ್ಚಾಗಿ ನಮ್ಮ ಹರಿಗೋಲುಗಳು ದಡದಲ್ಲಿ ಬೋರಲಾಗಿ ಬಿದ್ದವು. ಗೇಟು ಮುರಿದದ್ದು ಹವಾಮಾನದಿಂದ ಎಂದು ನಾವು ಹೇಳುತ್ತಿಲ್ಲ. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಬಿದ್ದಾಗ ಒಂದೇ ಸಮನೆ ಸುರಿಯುವ ಮಳೆ ಹೆಚ್ಚುತ್ತಿರುವುದಕ್ಕೆ ಇದೊಂದು ಕಾರಣ. ಮಿರಗದ ಮಳೆಗೆ ಇಂಥದ್ದು, ಆರಿದ್ರೆಗೆ ಇಂಥದ್ದು ಎಂದು ನಮ್ಮ ಹಿರಿಯ ಅಂಬಿಗರು ಹೊಳೆಯ ಮಟ್ಟವನ್ನು ಅಂದಾಜು ಮಾಡುತ್ತಿದ್ದ ಕ್ರಮ ಈಗ ಅವರಿಗೇ ನೆಚ್ಚಿಕೆಯಾಗಿ ಉಳಿದಿಲ್ಲ. ಹೊಳೆಗೆ ಇಳಿಯುವುದಿಲ್ಲ ಎಂದು ಅವರು ಹೇಳಿದರೆ ಅದೇ ಕೊನೆಯ ಮಾತು. ಆ ವಿಷಯದಲ್ಲಿ ಕಾರ್ಯದರ್ಶಿಯ ಮಾತೂ ನಡೆಯುವುದಿಲ್ಲ.

ದರದ ವಿಚಾರವನ್ನು ಬರೆಯುವಾಗ ನಮಗೆ ಸ್ವಲ್ಪ ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ರದ್ದು ಮಾಡಿದ ದಿನ ತಮ್ಮ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇವೆ. ಅದೇ ದಿನ ನಸುಕಿಗೆ ಎದ್ದು ಬಂದ ಮಾರ್ಗದರ್ಶಿಗೆ ಅರ್ಧ ಕೂಲಿಯನ್ನು, ಅಡುಗೆಯ ಅಕ್ಕಂದಿರಿಗೆ ರೊಟ್ಟಿ ಬಡಿದ ಕೂಲಿಯನ್ನು ಸಂಘವೇ ಕೊಡುತ್ತದೆ. ಮೊದಲು ರದ್ದಾಗುವ ದಿನಗಳು ಅಪರೂಪವಾಗಿದ್ದವು. ಈಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ವರ್ಷದ ಖರ್ಚನ್ನು ಅಂದಾಜು ಮಾಡಬೇಕಾಗಿದೆ. ಹರಿಗೋಲಿಗೆ ಬೇಕಾದ ಬಿದಿರು ಹೊರಗಿನಿಂದ ಬರಬೇಕು. ಬಿಸಿಲಿಗೆ ಒಡೆಯುವ ಡಾಂಬರನ್ನು ಮತ್ತೆ ಮತ್ತೆ ಬಳಿಯಬೇಕು. ತಂಡದ ಜೊತೆ ಒಬ್ಬರ ಬದಲು ಇಬ್ಬರು ಮಾರ್ಗದರ್ಶಿಗಳನ್ನು ಕಳಿಸುತ್ತಿದ್ದೇವೆ. ಯಾರಿಗಾದರೂ ಸುಸ್ತಾದರೆ ಒಬ್ಬರು ಅವರೊಂದಿಗೆ ಇಳಿದು ಬರಲಿ ಎಂಬುದು ಉದ್ದೇಶ. ಕುಡಿಯುವ ನೀರು, ಮಜ್ಜಿಗೆ, ಓಆರ್‌ಎಸ್ ಪುಡಿಗೆ ಈವರೆಗೆ ಪ್ರತ್ಯೇಕ ಹಣ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಹೆಚ್ಚಿಸಿರುವ 150 ರೂಪಾಯಿ ಹೋಗುವುದು ಈ ಬಾಬತ್ತುಗಳಿಗೆ. ನಮ್ಮ ನಡಿಗೆಗೆ ಸಾವಿರಕ್ಕೂ ಮಿಗಿಲಾಗಿ ಕೊಟ್ಟೆವು ಎಂದು ಬರೆದ ಕೆಲವರಿಗೆ ತಿಳಿಸುವುದೇನೆಂದರೆ, ಆ ಹೆಚ್ಚಿನ ಹಣ ಸಂಘಕ್ಕೆ ಬಂದಿಲ್ಲ. ನಡುವಿನವರು ತಮ್ಮ ಪಾಲನ್ನು ಸೇರಿಸಿ ಪಡೆದದ್ದಕ್ಕೆ ನಮ್ಮ ಮೇಲೆ ಅಪವಾದ ಬರುತ್ತಿದೆ. ದಯವಿಟ್ಟು ನೇರವಾಗಿ ನಮ್ಮಲ್ಲಿಯೇ ಕಾಯ್ದಿರಿಸಿ, ರಸೀದಿ ಕೇಳಿ ಪಡೆಯಿರಿ.

ಬೇಸಿಗೆಯ ನಡಿಗೆ ಚಿಕ್ಕದಾಗಿದೆ ಎಂಬುದು ನಿಜ, ಆದರೆ ಅದು ಕಳಪೆಯಾಗಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆವು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಕಾಣಸಿಗದ ಹಳದಿ ಕೊರಳಿನ ಪಿಕಳಾರ ಹಕ್ಕಿ ಕೂಗುವುದು ಬೆಳಗಿನ ಆ ಹೊತ್ತಿನಲ್ಲಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ದಡದ ಮರಳಿನಲ್ಲಿ ಅವುಗಳ ಹೆಜ್ಜೆಗುರುತು ಜನಸಂಚಾರ ಶುರುವಾಗುವ ಮೊದಲು ಅಚ್ಚಳಿಯದೆ ಇರುತ್ತದೆ. 8.30ರ ನಂತರ ಹುಣಸೆ ಮರದ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆಯ ಊಟ, ಬಳಿಕ ಬಾಳೆನಾರಿನ ಹೆಣಿಗೆ ಕಲಿಯಲು ಒಂದು ಗಂಟೆ. ಮಕ್ಕಳು ಎಚ್ಚರಗೊಳ್ಳುವುದಿಲ್ಲ ಎಂದು ಕೆಲವು ತಾಯಂದಿರು ಹೇಳುತ್ತಾರೆ. ಹಿಂದಿನ ರಾತ್ರಿ ಊರಲ್ಲೇ ಉಳಿದರೆ ಅದು ಸಾಧ್ಯ ಎಂಬುದು ನಮ್ಮ ಅನುಭವ. ತಿಂಗಳು ಆರಿಸಿಕೊಳ್ಳಲು ಅವಕಾಶವಿದ್ದವರಿಗೆ ನಮ್ಮ ಸಲಹೆ ಸೆಪ್ಟೆಂಬರ್ ಕೊನೆ. ಉತ್ತರಿ ಮಳೆ ಬಿದ್ದು ಬಂಡೆಗಳ ತಗ್ಗುಗಳಲ್ಲಿ ನೀರು ನಿಂತಿರುತ್ತದೆ, ಗಂಗಾವತಿಯ ಕಡೆ ಗದ್ದೆಗಳು ಕಣ್ಣು ಹಾಯುವವರೆಗೂ ಹಸಿರಾಗಿರುತ್ತವೆ. ಮಳೆ ಬಂದರೆ ಒಂದು ತಾಸು ಮಂಟಪದಲ್ಲಿ ಕೂರಬೇಕಾದೀತು, ಅಷ್ಟೇ. ಮಳೆಗಾಲಕ್ಕೆ ಬರಲು ಹಿಂಜರಿಯುವವರು ಈ ಸೀಮೆಯ ಅತ್ಯಂತ ಒಳ್ಳೆಯ ದಿನಗಳನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ನಮ್ಮೆಲ್ಲರ ಅಭಿಪ್ರಾಯ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಅವರು ಬೆಳಗಿನ ನಡಿಗೆಗೆ ಬದಲಾಯಿಸಿಕೊಳ್ಳಬಹುದು, ಮುಂದಿನ ಶಿವರಾತ್ರಿಯೊಳಗಿನ ಯಾವುದೇ ದಿನಕ್ಕೆ ಮುಂದೂಡಬಹುದು, ಇಲ್ಲವೇ ಪೂರ್ತಿ ಹಣ ವಾಪಸ್ ಪಡೆಯಬಹುದು, ಕಾರಣ ಕೇಳುವುದಿಲ್ಲ. ಬರುವವರು ತಲೆಗೆ ಟವೆಲ್ ಅಥವಾ ಟೋಪಿ, ಮೈ ಮುಚ್ಚುವ ತೆಳು ಹತ್ತಿ ಬಟ್ಟೆ, ಹಿಡಿತವಿರುವ ಬೂಟು ತರಬೇಕು, ನಿತ್ಯ ತೆಗೆದುಕೊಳ್ಳುವ ಔಷಧಗಳ ಬಗ್ಗೆ ಮೊದಲೇ ತಿಳಿಸಬೇಕು. ಬೆಳಗಿನ 5.45ಕ್ಕೆ ಕಚೇರಿಯ ಮುಂದೆ ಸೇರಬೇಕು. ತಡವಾಗಿ ಬಂದವರಿಗಾಗಿ ತಂಡ ಕಾಯುವುದಿಲ್ಲ, ಏಕೆಂದರೆ ಆರಂಭದಲ್ಲಿ ಕಳೆದುಕೊಂಡ ಅರ್ಧ ತಾಸನ್ನು ಕೊನೆಯಲ್ಲಿ ಬಿಸಿಲಿನಲ್ಲಿ ನಡೆದು ತೀರಿಸಬೇಕಾಗುತ್ತದೆ. ಹರಿಗೋಲಿನ ಬಗ್ಗೆ ಹಿಂದಿನ ದಿನ ಸಂಜೆ 7 ಗಂಟೆಯೊಳಗೆ ನಾವೇ ಫೋನ್ ಮಾಡುತ್ತೇವೆ. ನಮ್ಮ ಫೋನ್ ಸಂಖ್ಯೆ ಬದಲಾಗಿಲ್ಲ. ಈ ಪತ್ರದ ಯಾವುದೇ ಅಂಶ ಒಪ್ಪಿಗೆಯಾಗದಿದ್ದರೆ ಮಧ್ಯಾಹ್ನ 12ರಿಂದ 4ರವರೆಗೆ ಕರೆ ಮಾಡಿ. ಆ ಹೊತ್ತಿನಲ್ಲಿ ನಾನೇ ಕಚೇರಿಯಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯರ ಪರವಾಗಿ)