ಒಂದೇ ಮಾತು ಕೇಳು, ಪುಟ್ಟಿ

ತಿಪಟೂರು
ಜುಲೈ 4, 2024

ಪುಟ್ಟಿ,

ಭಾನುವಾರ ನೀನು ಊಟಾನೂ ಮಾಡದೆ ರೈಲು ಹತ್ತಿದೆ. ನಿಮ್ಮಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನಾನು ನಕ್ಕಿದ್ದು ಕಂಪನಿಯವರು ನಿನ್ನ ಆ್ಯಪ್ ಕೆಲಸದ ಐಡಿ ಬ್ಲಾಕ್ ಮಾಡಿದ ಕಷ್ಟಕ್ಕಲ್ಲ ಕಣೆ. ಯಾರೋ ಬರೆದುಕೊಟ್ಟ ಈಮೇಲನ್ನು 224 ಶಾಸಕರಿಗೂ ಒಟ್ಟಿಗೆ ಕಳಿಸಿದೆ ಅಂದೆಯಲ್ಲ, ಅದಕ್ಕೆ. ಬೇಜಾರು ಮಾಡ್ಕೋಬೇಡ.

ಶಾಸಕರ ಕಚೇರಿಯಲ್ಲಿ ಟಪಾಲು ಒಡೆಯುತ್ತಲೇ ನನ್ನ ಅರ್ಧ ಆಯಸ್ಸು ಹೋಯಿತು. ವರ್ಗಾವಣೆ, ಬೋರ್‌ವೆಲ್, ದೇವಸ್ಥಾನದ ಜೀರ್ಣೋದ್ಧಾರ, ಬರುತ್ತಿದ್ದದ್ದೆಲ್ಲ ಇವೇ. ಕಾನೂನಿನ ಬಗ್ಗೆ ಬರೆಯುವವರು ತೀರಾ ಕಮ್ಮಿ. ಅಚ್ಚು ಹಾಕಿಸಿದ ಕಾರ್ಡುಗಳು ಕಟ್ಟುಗಟ್ಟಲೆ ಬಂದರೆ ಮೇಲಿನದೊಂದನ್ನು ಓದಿ, ಎಣಿಸಿ, ಪಕ್ಕಕ್ಕಿಡುತ್ತಿದ್ದೆ.

ಒಬ್ಬ ಅಜ್ಜಿಯ ಕಾಗದ ಮಾತ್ರ ಹಾಗಲ್ಲ. ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿ, ಫಾರಂ 53ರ ಗಡುವು ಮುಗಿದಿತ್ತು. ಬಗರ್ ಹುಕುಂ ಜಮೀನು ಉಳುತ್ತಿದ್ದ ಎಷ್ಟೋ ಜನ ಅರ್ಜಿ ಹಾಕದೆ ಉಳಿದಿದ್ದರು. ಅಜ್ಜಿ ಮೊಮ್ಮಗನ ಕೈಲಿ ಕಾಪಿ ಪುಸ್ತಕದ ಹಾಳೆ ಮೇಲೆ ಬರೆಸಿದ್ದರು. ಸರ್ವೆ ನಂಬರ್, ಎಷ್ಟು ಗುಂಟೆ, ಯಜಮಾನರು ಯಾವಾಗ ತೀರಿಕೊಂಡರು, ಅಷ್ಟೇ. ಕೊನೆಗೊಂದು ಪ್ರಶ್ನೆ: ‘ತಾರೀಕು ಮುಂದಕ್ಕೆ ಹಾಕಿ ಅಂತ ನೀವು ಸಭೆಯಲ್ಲಿ ಕೇಳ್ತೀರೋ ಇಲ್ಲವೋ?’ ಬೈಗುಳ ಇಲ್ಲ, ಹೊಗಳಿಕೆನೂ ಇಲ್ಲ. ಶಾಸಕರು ಎರಡು ಸಲ ಓದಿಸಿ ಕೇಳಿ, ಜುಬ್ಬದ ಜೇಬಿಗೆ ಹಾಕಿಕೊಂಡರು. ಅಧಿವೇಶನ ಮುಗಿಸಿ ಬಂದಾಗಲೂ ಜೇಬಲ್ಲೇ ಇತ್ತು. ಮಡಿಕೆಯಲ್ಲಿ ಹರಿದಿತ್ತು. ಬೆವರಿಗೆ ಶಾಯಿ ಹರಡಿ ಸರ್ವೆ ನಂಬರ್ ಕಾಣುತ್ತಿರಲಿಲ್ಲ. ನಾನೇ ಇನ್‌ವರ್ಡ್ ಪುಸ್ತಕ ನೋಡಿ ಮೇಲೆ ತಿದ್ದಿ ಬರೆದೆ.

ಜಮೀನು ಸಿಕ್ಕಿತಾ ಅಂತ ಕೇಳ್ತೀಯ, ಗೊತ್ತು. ಇನ್ನೊಂದು ಅವಕಾಶ ಅಂತ ಫಾರಂ 57 ಬಂದಿದ್ದು 2018ರಲ್ಲಿ. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ಹಾಗಂತ ಸುಮ್ಮನಿರೋಕಾಗುತ್ತಾ?

ಈಗ ನಿನ್ನ ವಿಷಯ. ಆ್ಯಪ್ ಮೂಲಕ ಕೆಲಸ ಮಾಡುವ ನಿಮ್ಮಂಥ ಗಿಗ್ ಕಾರ್ಮಿಕರ ಮಸೂದೆಯ ಕರಡು ಜೂನ್ 29ಕ್ಕೆ ಹೊರಬಂದಿದೆ. ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸ್ ಕೊಡಬೇಕು, ಕಾರಣ ಬರೆದು ಕೊಡಬೇಕು ಅಂತ ಅದರಲ್ಲಿದೆ. ನಿನ್ನ ಕಂಪನಿಯವರು ಹೇಳದೆ ಕೇಳದೆ ಐಡಿ ಬ್ಲಾಕ್ ಮಾಡಿದರಲ್ಲ, ಅದೂ ತೆಗೆದ ಹಾಗೇ ಲೆಕ್ಕ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಿರಿ ಅಂತ ಕೇಳು. ಅದೊಂದೇ ಕೇಳು. ಪೆಟ್ರೋಲು, ಇನ್ಸೆಂಟಿವ್, ಸರ್ಕಾರದ ಮೇಲಿನ ಸಿಟ್ಟು ಎಲ್ಲಾ ತುಂಬಿಸಬೇಡ. ಒಂದು ಪುಟ ಸಾಕು. ಬ್ಲಾಕ್ ಆದ ದಿನ, ಆ ತಿಂಗಳು ಎಷ್ಟು ದುಡ್ಡು ಹೋಯಿತು, ಎರಡನ್ನೂ ಹಾಕು. ಅದು ಬೇರೆ ಯಾರೂ ಬರೆಯೋಕಾಗದ ಸಾಲು.

ನಿನ್ನ ವೋಟು ಇನ್ನೂ ಇಲ್ಲೇ ಇದೆ. ಪಿಜಿ ಇರುವ ಏರಿಯಾದ ಶಾಸಕರಿಗೆ ನೀನು ಯಾರೋ, ಇಲ್ಲಿಯವರಿಗೆ ಮತದಾರಳು. ಊರಿನ ಹೆಸರು, ಮತಗಟ್ಟೆ ನಂಬರ್ ಮೊದಲು ಬರೆ. ಕರಡು ಹೊರಡಿಸಿರೋದು ಕಾರ್ಮಿಕ ಇಲಾಖೆ, ಅದಕ್ಕೂ ಬೇರೆಯಾಗಿ ಕಳಿಸು. ಸಲಹೆಗೆ ಜಾಸ್ತಿ ದಿನ ಕೊಟ್ಟಿಲ್ಲ. 15ಕ್ಕೆ ಅಧಿವೇಶನ ಶುರು. ಮಸೂದೆ ಮುಂದೆ ಎಂದಾದರೂ ಸದನಕ್ಕೆ ಬಂದರೆ ಯಾವ ಶಾಸಕರಾದರೂ ತಿದ್ದುಪಡಿ ಸೂಚಿಸಬಹುದು. ಅಲ್ಲಿ ಪಾಸಾದರೆ ಪರಿಷತ್ತಿಗೆ ಹೋಗುತ್ತದೆ, ಅಲ್ಲೂ 75 ಜನ ಇದ್ದಾರೆ. ಬರೆದು ಹದಿನೈದು ದಿನಕ್ಕೆ ಫೋನ್ ಮಾಡಬೇಕು. ಆಪ್ತ ಸಹಾಯಕರ ಹತ್ತಿರ ಮರ್ಯಾದೆಯಿಂದ ಮಾತಾಡು, ಕಾಗದ ಮೇಲಿಡೋದು ಅವರೇ. ನೋಡು, ಭಾಷಣ ಶುರುವಾಯಿತು.

ರಾತ್ರಿ ಹನ್ನೊಂದರ ಮೇಲೆ ಮಳೆಯಲ್ಲಿ ಗಾಡಿ ಓಡಿಸಬೇಡ ಅಂದರೆ ನೀನು ಕೇಳಲ್ಲ. ನಿನ್ನ ಫೋನ್ ಬರೋವರೆಗೂ ನನಗೆ ನಿದ್ದೆ ಹತ್ತಲ್ಲ. ಆದರೂ ನಿನ್ನ ಜೊತೆಯ ಹುಡುಗರನ್ನೆಲ್ಲ ಸೇರಿಸಿ ಸಭೆ ಮಾಡಿದೆ ಅಂತ ಪಕ್ಕದ ಮನೆಯವರಿಗೆ ನಾನೇ ಹೇಳಿಕೊಂಡು ತಿರುಗಿದ್ದೀನಿ. ಆ ಹುಡುಗರೂ ಅವರವರ ಊರಿನ ಶಾಸಕರಿಗೆ, ಅವರವರ ಮಾತಲ್ಲೇ ಬರೆಯಲಿ.

ಇವತ್ತೇ ಬರೆದು ಸಹಿ ಹಾಕಿ ವಾಟ್ಸಾಪ್ ಮಾಡು. ಎರಡು ಪ್ರಿಂಟ್ ತೆಗೆಸಿ ಶನಿವಾರ ಶಾಸಕರ ಕಚೇರಿಗೆ ನಾನೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬರುತ್ತೇನೆ.

ನಿನ್ನ ಅಪ್ಪ