ಕಡಂಗ ಮುಚ್ಚುವ ಮುಂಚೆ ನಕ್ಷೆಗೆ ಸೇರಿಸಿ

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ಕೊಡಗಿನ ನಮ್ಮ ತೋಟದ ಪಕ್ಕದ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಕಾಡುಜಾಗ) ಒಂದು ಕಡಂಗವನ್ನು ಮುಚ್ಚಿಬಿಟ್ಟರು. ಎರಡಾಳು ಆಳದ ಕಂದಕ, ಅದರ ಅಂಚಿಗೆ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಹಳೇ ಮರಗಳು. ರಸ್ತೆ ಮಾಡಲು ಜೆಸಿಬಿ ಬಂತು, ಎರಡೇ ದಿನದಲ್ಲಿ ಎಲ್ಲ ಸಮತಟ್ಟಾಯಿತು. ಜಾಗ ಕೊಂಡವರು ಅದನ್ನು ಆನೆ ಬರದಂತೆ ತೋಡಿದ ಹಳೇ ಆನೆ ಕಂದಕ ಅಂದುಕೊಂಡಿದ್ದರಂತೆ. ಅವರನ್ನು ಮಾತ್ರ ಬೈದು ಏನು ಪ್ರಯೋಜನ? ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಕಡಂಗದ ಬಗ್ಗೆ ಒಂದಕ್ಷರ ಇರಲಿಲ್ಲ.

ಕೊಡಗಿನವರಿಗೆ ಕಡಂಗ ಹೊಸದಲ್ಲ. ವಿರಾಜಪೇಟೆ ಹತ್ತಿರ ಆ ಹೆಸರಿನ ಊರೇ ಇದೆ. ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಇವು ಹಿಂದಿನವರು ಕೈಯಾರೆ ತೋಡಿದ ಕಂದಕಗಳು. ತೋಡಿದ ಮಣ್ಣನ್ನೇ ಪಕ್ಕಕ್ಕೆ ಏರಿಸಿ ಗೋಡೆ ಮಾಡಿದ್ದಾರೆ. ಬೆಟ್ಟ ಹತ್ತಿ ಇಳಿದು, ಕಾಡು ದಾಟಿ, ಮೈಲಿಗಟ್ಟಲೆ ಹೋಗುತ್ತವೆ. ಕೆಲವು ಕವಲೊಡೆಯುತ್ತವೆ, ಕೆಲವು ಬೆಟ್ಟದ ನೆತ್ತಿಯನ್ನೇ ಸುತ್ತುತ್ತವೆ. ನಾಡಿಗೂ ನಾಡಿಗೂ ನಡುವೆ ಗಡಿಯಾಗಿ, ಜಗಳದ ಕಾಲಕ್ಕೆ ಕಾವಲಾಗಿ ಇದ್ದವು.

ಇಷ್ಟು ಮಳೆ ಸುರಿಯುವ ಕಡೆ ಬರೀ ಮಣ್ಣಿನ ಗೋಡೆ ಹೇಗೆ ನಿಂತಿತು? ಮರಗಳಿಂದ. ಬೇರು ಮಣ್ಣನ್ನು ಹಿಡಿದಿದೆ, ತರಗೆಲೆ ಹನಿಯ ಹೊಡೆತ ತಡೆದಿದೆ. ಬಯಲಲ್ಲಿ ತೋಡಿದ ಆನೆ ಕಂದಕ ಕೆಲವೇ ಮಳೆಗಾಲಕ್ಕೆ ಕುಸಿದು ಹೂಳು ತುಂಬುವುದನ್ನು ನಾವೇ ನೋಡುತ್ತೇವೆ, ಅಲ್ವಾ? ದೇವರಕಾಡಿನಲ್ಲಿ ಕತ್ತಿ ಹಾಕಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಅಲ್ಲಿ ಮರದ ಜೊತೆ ಮಣ್ಣೂ ಉಳಿಯಿತು. ಆದರೆ 1905ರಲ್ಲಿ ಸುಮಾರು 15,500 ಎಕರೆ ಇದ್ದ ಕೊಡಗಿನ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು.

ಲಂಡನ್ ಪಕ್ಕದ ಎಪ್ಪಿಂಗ್ ಕಾಡಿನಲ್ಲೂ ಇಂಥ ಮಣ್ಣಿನ ಕೋಟೆಗಳಿವೆ. ಆಂಬ್ರೆಸ್ಬರಿ ಬ್ಯಾಂಕ್ಸ್, ಲೌಟನ್ ಕ್ಯಾಂಪ್ ಅಂತ ಹೆಸರು. ಕಬ್ಬಿಣ ಯುಗದವು, 2,000 ವರ್ಷಕ್ಕೂ ಹಳೆಯವು. ಕಾಡಿಗೆ ಬೇಲಿ ಹಾಕಿ ಕಬಳಿಸುತ್ತಿದ್ದಾಗ ಜನ ಎದ್ದು ನಿಂತರು. 1878ರಲ್ಲಿ ಕಾಯ್ದೆ ಬಂತು, ಕಾಡು ಉಳಿಯಿತು. 1881ರಲ್ಲಿ ಪಿಟ್ ರಿವರ್ಸ್ ಎಂಬ ಪುರಾತತ್ವಜ್ಞರು ಆಂಬ್ರೆಸ್ಬರಿಯ ದಿಬ್ಬವನ್ನು ಅಗೆದು ಪರೀಕ್ಷಿಸಿದರು. ಇವತ್ತು ಎರಡೂ ಸಂರಕ್ಷಿತ ಸ್ಮಾರಕಗಳು. ಕಲ್ಲಿನ ಕಂಬವಿಲ್ಲ, ಗೋಪುರವಿಲ್ಲ, ಬರೀ ಮಣ್ಣು. ಆದರೂ ಅದಕ್ಕೆ ಕಾನೂನಿನ ಕಾವಲಿದೆ. ನಮ್ಮಲ್ಲಿ ದೇವಸ್ಥಾನದ ಕಲ್ಲಿಗೆ ಸಿಗುವ ಬೆಲೆ ಮಣ್ಣಿಗೆ ಇನ್ನೂ ಸಿಕ್ಕಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಪುರಾತತ್ವ, ಅರಣ್ಯ, ಕಂದಾಯ ಇಲಾಖೆಗಳು ಒಟ್ಟಿಗೆ ಕೂತು ಕಡಂಗಗಳ ಸರ್ವೆ ಮಾಡಿಸಬೇಕು. ಊರಿನ ಹಿರಿಯರನ್ನು ಕರೆದುಕೊಂಡು ಹೋದರೆ ಕೆಲಸ ಸುಲಭವಾಗುತ್ತದೆ. ಸರ್ವೆ ನಕ್ಷೆಯಲ್ಲೂ ಆರ್‌ಟಿಸಿಯಲ್ಲೂ ನಮೂದಿಸಲಿ. ಭೂ ಪರಿವರ್ತನೆಗೆ ಅರ್ಜಿ ಬಂದಾಗ ಜಾಗದಲ್ಲಿ ಕಡಂಗ ಇದೆಯಾ ಎಂದು ನೋಡಿ ಆಮೇಲೆ ಸಹಿ ಹಾಕಲಿ.

ಪಕ್ಕದಲ್ಲಿ ಮುಚ್ಚಿದ ಆ ಕಡಂಗ ನಮ್ಮ ತೋಟದೊಳಗೆ ಇನ್ನೂ ಇನ್ನೂರು ಅಡಿಯಷ್ಟು ಉಳಿದಿದೆ. ಅಳೆಯಲು ಯಾರೇ ಬಂದರೂ ನಾನೇ ಜೊತೆಗೆ ಹೋಗಿ ತೋರಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು