ಮಾತ್ರೆ ಮಾರದೆ ಕಳಿಸಿದ್ದಕ್ಕೂ ಬೆಲೆ ಇರಲಿ: ಆರೋಗ್ಯ ಸಚಿವರಿಗೆ ಒಬ್ಬ ಫಾರ್ಮಸಿಸ್ಟ್‌ನ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ರಿಜಿಸ್ಟರ್ಡ್ ಫಾರ್ಮಸಿಸ್ಟ್. ನಮ್ಮ ಆದಾಯದ ಲೆಕ್ಕ ನಿಮಗೆ ಗೊತ್ತಿರಬಹುದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಸರ್ಕಾರ ಬೆಲೆ ಕಟ್ಟಿದ ಔಷಧಿಗಳ ಮೇಲೆ ಚಿಲ್ಲರೆ ಅಂಗಡಿಗೆ ಶೇ 16ರಷ್ಟು ಲಾಭ. ಸ್ಟ್ರಿಪ್ ಮಾರಿದರೆ ದುಡ್ಡು, ಮಾರದಿದ್ದರೆ ಇಲ್ಲ. ಜನರ ಆರೋಗ್ಯದಲ್ಲಿ ನಮ್ಮ ಪಾತ್ರ ಏನು ಅಂತ ಸೆಪ್ಟೆಂಬರ್ 25ರಂದು, ವಿಶ್ವ ಫಾರ್ಮಸಿಸ್ಟರ ದಿನ, ಎಲ್ಲರೂ ಚೆನ್ನಾಗಿ ಭಾಷಣ ಮಾಡುತ್ತಾರೆ. ಮಾರನೇ ದಿನ ಶಟರ್ ಎತ್ತಿದರೆ ಮತ್ತೆ ಅದೇ ಲೆಕ್ಕ.

ಈ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ನೋಡಿ. ಇಪ್ಪತ್ತೈದರ ಹುಡುಗ ಬರುತ್ತಾನೆ. ‘ಅಜಿತ್ರೋಮೈಸಿನ್ 500, ಮೂರು ಮಾತ್ರೆ ಕೊಡಿ’ ಅನ್ನುತ್ತಾನೆ. ಅದೊಂದು ಆ್ಯಂಟಿಬಯಾಟಿಕ್, ಡಾಕ್ಟರ್ ಚೀಟಿ ಇಲ್ಲ. ಎರಡು ದಿನದಿಂದ ಮೂಗು ಸೋರುತ್ತಿದೆ, ಗಂಟಲು ಕೆರೆತ. ಇದು ವೈರಸ್ ನೆಗಡಿ ಇದ್ದ ಹಾಗಿದೆ, ಆ್ಯಂಟಿಬಯಾಟಿಕ್‌ನಿಂದ ಏನೂ ಆಗುವುದಿಲ್ಲ, ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸು, ಜ್ವರ ಬಂದರೆ ಪ್ಯಾರಸಿಟಮಾಲ್ ತಗೋ, ಮೂರು ದಿನಕ್ಕೂ ಇಳಿಯದಿದ್ದರೆ ಅಥವಾ ಉಸಿರಾಡೋಕೆ ಕಷ್ಟ ಆದರೆ ಡಾಕ್ಟರ್ ಹತ್ತಿರ ಹೋಗು ಅಂತ ಹೇಳುತ್ತೇನೆ. ಹಿಂದೆ ನಾಲ್ಕು ಗಿರಾಕಿಗಳು ಕಾಯುತ್ತಿರುತ್ತಾರೆ. ಅವನು ಒಂದು ಸ್ಟ್ರಿಪ್ ಪ್ಯಾರಸಿಟಮಾಲ್ ತೆಗೆದುಕೊಂಡು ಹೋಗುತ್ತಾನೆ. ಅದರ ಲಾಭದಲ್ಲಿ ಒಂದು ಟೀ ಬರುವುದಿಲ್ಲ. ಎಷ್ಟೋ ಸಲ ಅದೂ ಬೇಡ ಅಂತ ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳಿದ ಮೂರು ಮಾತ್ರೆ ಒಂದು ನಿಮಿಷದಲ್ಲಿ ಸಿಗುತ್ತದೆ. ಕಾನೂನು ಪಾಲಿಸಿದ ನನಗೆ ನಷ್ಟ, ಮುರಿದವರಿಗೆ ಲಾಭ. ಇದನ್ನು ವರ್ಷಗಟ್ಟಲೆ ನಡೆಯಲು ಬಿಟ್ಟು, ಆಮೇಲೆ ಔಷಧಿಗೆ ಬಗ್ಗದ ರೋಗಾಣುಗಳ ಬಗ್ಗೆ ಚಿಂತೆ ಮಾಡಿದರೆ ಏನು ಬಂತು? ಇಂಥ ರೋಗಾಣುಗಳಿಂದ ನೇರವಾಗಿಯೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ನಾನು ಕೇಳುವುದು ಇಷ್ಟೇ: ಮಾರುವುದಕ್ಕೆ ಮಾತ್ರ ಅಲ್ಲದೆ, ವಿಚಾರಿಸಿ, ತಿಳಿಹೇಳಿ, ಬೇಕಾದರೆ ಮಾರದೆ ಕಳಿಸುವುದಕ್ಕೂ ಫಾರ್ಮಸಿಸ್ಟ್‌ಗೆ ಏನಾದರೂ ಕೊಡುವ ವ್ಯವಸ್ಥೆ ಮಾಡಿ. ಏಷ್ಯಾದ ಬೇರೆ ದೇಶಗಳು ಇದನ್ನು ಮಾಡಿವೆ. ಎಲ್ಲವೂ ಶ್ರೀಮಂತ ದೇಶಗಳಲ್ಲ.

ಥಾಯ್ಲೆಂಡ್ ತೆಗೆದುಕೊಳ್ಳಿ. 2002ರಲ್ಲಿ ಅವರು ಎಲ್ಲರಿಗೂ ಆರೋಗ್ಯ ರಕ್ಷಣೆ ಕೊಡುವ ಯೋಜನೆ ತಂದರು. ಅಲ್ಲಿನ ಜನ ಅದನ್ನು ಗೋಲ್ಡ್ ಕಾರ್ಡ್ ಅನ್ನುತ್ತಾರೆ. ಆಸ್ಪತ್ರೆಗಳಲ್ಲಿ ಜನ ಜಾಸ್ತಿಯಾದರು. 2022ರ ಕೊನೆಯಲ್ಲಿ ಯೋಜನೆಗೆ ಸೇರಿದ ಔಷಧಿ ಅಂಗಡಿಗಳನ್ನೂ ಒಳಗೆ ತಂದರು. ತಲೆನೋವು, ಜ್ವರ, ಕೆಮ್ಮು, ಗಂಟಲು ನೋವು, ಭೇದಿ, ಮಲಬದ್ಧತೆ, ಮೈ ತುರಿಕೆ, ಸಣ್ಣ ಗಾಯ ಹೀಗೆ ಹಲವು ಸಾಮಾನ್ಯ ತೊಂದರೆಗಳಿಗೆ ಕಾರ್ಡ್ ಇರುವವರು ನೇರವಾಗಿ ಅಂಗಡಿಗೆ ಹೋಗಬಹುದು. ಫಾರ್ಮಸಿಸ್ಟ್ ವಿಚಾರಿಸಿ, ಬೇಕಾದ ಔಷಧಿ ಕೊಡುತ್ತಾರೆ. ರೋಗಿ ದುಡ್ಡು ಕೊಡಬೇಕಿಲ್ಲ, ಅಂಗಡಿಗೆ ಸರ್ಕಾರದ ಆರೋಗ್ಯ ನಿಧಿ ಕೊಡುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ಭಾಗ. ಮೂರು ದಿನದೊಳಗೆ ಫಾರ್ಮಸಿಸ್ಟ್ ಆ ರೋಗಿಗೆ ಫೋನ್ ಮಾಡಿ ‘ಹೇಗಿದ್ದೀರಿ’ ಅಂತ ಕೇಳಬೇಕು. ಕಡಿಮೆ ಆಗಿಲ್ಲ ಅಂದರೆ ಆಸ್ಪತ್ರೆಗೆ ಕಳಿಸಬೇಕು. ಕೆಲವು ಔಷಧಿಗಳನ್ನು ಚೀಟಿ ಇಲ್ಲದೆ ಫಾರ್ಮಸಿಸ್ಟ್ ಕೊಡಬಹುದು ಅಂತ ಅಲ್ಲಿನ ಕಾನೂನಿನಲ್ಲಿದೆ, ನಮ್ಮಲ್ಲಿ ಹಾಗಿಲ್ಲ ನಿಜ. ಆದರೆ ವಿಚಾರಿಸುವುದಕ್ಕೆ, ಫೋನ್ ಮಾಡುವುದಕ್ಕೆ, ಆಸ್ಪತ್ರೆಗೆ ಕಳಿಸುವುದಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ?

ಜಪಾನಿನಲ್ಲಿ ಜನರ ಹತ್ತಿರ ಒಂದು ಪುಟ್ಟ ಔಷಧಿ ಪುಸ್ತಕ ಇರುತ್ತದೆ. ಯಾವ ಡಾಕ್ಟರ್ ಬರೆದಿದ್ದರೂ, ಕೊಟ್ಟ ಔಷಧಿಯ ವಿವರವನ್ನು ಫಾರ್ಮಸಿಯವರು ಅದರಲ್ಲಿ ಅಂಟಿಸಿ ಕೊಡುತ್ತಾರೆ. 2011ರ ಭೂಕಂಪ, ಸುನಾಮಿಯಲ್ಲಿ ಆಸ್ಪತ್ರೆ ದಾಖಲೆಗಳೇ ಕೊಚ್ಚಿಹೋದಾಗ, ಶಿಬಿರಗಳಲ್ಲಿದ್ದ ವಯಸ್ಸಾದವರು ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದರು ಅಂತ ಗೊತ್ತಾಗಲು ಆ ಪುಸ್ತಕ ಸಹಾಯಕ್ಕೆ ಬಂತು. 2016ರಿಂದ ಅಲ್ಲಿ ‘ನಮ್ಮ ಮನೆ ಫಾರ್ಮಸಿಸ್ಟ್’ ಅಂತ ಒಬ್ಬರನ್ನು ರೋಗಿ ಆರಿಸಿಕೊಳ್ಳಬಹುದು. ಆ ಕೆಲಸಕ್ಕೆ ವಿಮೆಯಿಂದಲೇ ಶುಲ್ಕ ಸಿಗುತ್ತದೆ.

ದಕ್ಷಿಣ ಕೊರಿಯಾದಲ್ಲಿ 2000ರವರೆಗೆ ಡಾಕ್ಟರೂ ಔಷಧಿ ಮಾರುತ್ತಿದ್ದರು, ಔಷಧಿ ಅಂಗಡಿಯವರೂ ಡಾಕ್ಟರ್ ಕೆಲಸ ಮಾಡುತ್ತಿದ್ದರು. ಆ ವರ್ಷ ಎರಡನ್ನೂ ಬೇರೆ ಮಾಡಿದರು. ಡಾಕ್ಟರುಗಳು ಮುಷ್ಕರ ಹೂಡಿದರು, ದೊಡ್ಡ ಗಲಾಟೆಯೇ ಆಯಿತು. ಸರ್ಕಾರ ಹಿಂದೆ ಸರಿಯಲಿಲ್ಲ. ಈಗ ಒಬ್ಬ ರೋಗಿಗೆ ಇಬ್ಬರು ಡಾಕ್ಟರುಗಳು ಬರೆದ ಔಷಧಿಗಳು ಒಂದಕ್ಕೊಂದು ಆಗಿಬರದಿದ್ದರೆ ಕಂಪ್ಯೂಟರ್‌ನಲ್ಲೇ ಎಚ್ಚರಿಕೆ ಬರುತ್ತದೆ. ಔಷಧಿ ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳಿಕೊಡುವುದಕ್ಕೆ ಫಾರ್ಮಸಿಗೆ ಶುಲ್ಕ ಇದೆ. ಫಿಲಿಪೀನ್ಸ್ 2016ರ ಕಾನೂನಿನಲ್ಲಿ, ತರಬೇತಿ ಪಡೆದ ಫಾರ್ಮಸಿಸ್ಟರು ಲಸಿಕೆ ಹಾಕಬಹುದು ಅಂದಿತು.

ನಮ್ಮ ಕೌಂಟರಿನಲ್ಲಿ ಆ ಕಂಪ್ಯೂಟರ್ ಎಚ್ಚರಿಕೆ ಇಲ್ಲ, ಕಣ್ಣೇ ಎಲ್ಲ. ಒಬ್ಬ ಅಜ್ಜಿ ಬರುತ್ತಾರೆ, ಪ್ಲಾಸ್ಟಿಕ್ ಕವರಿನ ತುಂಬ ಸ್ಟ್ರಿಪ್‌ಗಳು. ಮಂಡಿ ನೋವಿಗೆ ಮೂಳೆ ಡಾಕ್ಟರ್ ಬರೆದದ್ದು ಅಸಿಕ್ಲೋಫೆನಾಕ್. ಹಲ್ಲು ನೋವಿಗೆ ಇನ್ನೊಬ್ಬರು ಬರೆದದ್ದು ಡೈಕ್ಲೋಫೆನಾಕ್. ಬ್ರ್ಯಾಂಡ್ ಬೇರೆ, ಮಾತ್ರೆಯ ಬಣ್ಣ ಬೇರೆ, ಜಾತಿ ಒಂದೇ. ಇದರ ಜೊತೆಗೆ ಬಿಪಿಗೆ ಟೆಲ್ಮಿಸಾರ್ಟನ್ ನಡೆಯುತ್ತಿದೆ. ಎರಡೆರಡು ನೋವಿನ ಮಾತ್ರೆ ಒಟ್ಟಿಗೆ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಮೂಳೆ ಡಾಕ್ಟರಿಗೆ ಹಲ್ಲಿನ ಡಾಕ್ಟರ್ ಬರೆದದ್ದು ಗೊತ್ತಿಲ್ಲ, ಅವರಿಗೆ ಇವರದು ಗೊತ್ತಿಲ್ಲ. ಎರಡು ಚೀಟಿಯೂ ಒಟ್ಟಿಗೆ ಕಾಣುವ ಜಾಗ ನಮ್ಮ ಕೌಂಟರ್ ಒಂದೇ. ನಾನು ಹಲ್ಲಿನ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಒಳ್ಳೆಯವರು, ‘ಹೌದಾ, ಹಾಗಾದರೆ ನಂದು ಬಿಡಿಸಿ’ ಅನ್ನುತ್ತಾರೆ. ಎಲ್ಲ ಡಾಕ್ಟರೂ ಹಾಗೆ ಫೋನ್ ಎತ್ತುವುದಿಲ್ಲ, ಅದು ಬೇರೆ ಮಾತು.

ಬಿಪಿ ಮಾತ್ರೆಯದೇ ಇನ್ನೊಂದು ಕತೆ. ‘ಐದು ಮಾತ್ರೆ ಕೊಡಿ ಸಾಕು’ ಅನ್ನುವವರು ದಿನಾ ಬರುತ್ತಾರೆ. ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತೇವೆ. ಎಕ್ಸ್‌ಪೈರಿ ತಾರೀಖು ಇರುವ ತುದಿ ಒಬ್ಬರ ಪಾಲಿಗೆ ಹೋಗುತ್ತದೆ, ಉಳಿದವರಿಗೆ ಬರೀ ಬೆಳ್ಳಿ ಹಾಳೆ. ಐದು ಮುಗಿದ ಮೇಲೆ ತಲೆ ಸುತ್ತು ಇಲ್ಲದಿದ್ದರೆ ಆ ವಾರ ಬರುವುದಿಲ್ಲ. ನಿಮ್ಮ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾಯಿತು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವುದು ಒಳ್ಳೆಯ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾಯಿಲೆ ಪತ್ತೆಯಾದ ಮನುಷ್ಯ ಮಾತ್ರೆ ನಿಲ್ಲಿಸಿದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ? ಹೊರಗಡೆ ಔಷಧಿ ತೆಗೆದುಕೊಳ್ಳುವವರ ವಿಷಯದಲ್ಲಿ ಅದು ನಮಗೆ ಗೊತ್ತಾಗುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ.

ಕ್ಷಯರೋಗದ್ದೂ ಇದೇ ಹಾಡು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದವರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು ಅಂತ ಗೋಡೆಗಳ ಮೇಲೆಲ್ಲಾ ಬರೆಸಿದ್ದೀರಿ. ಆ ಕೆಮ್ಮಿನವರು ಗೋಡೆ ಓದುವುದಿಲ್ಲ, ಮೂರನೇ ಬಾಟಲಿ ಸಿರಪ್‌ಗೆ ನಮ್ಮ ಹತ್ತಿರ ಬರುತ್ತಾರೆ. ಲಾರಿ ಡ್ರೈವರ್, ಗಾರೆ ಕೆಲಸದವರು, ಬೀಡಿ ಸೇದುವವರು. ಕ್ಷಯದ ಔಷಧಿಗಳು ಶೆಡ್ಯೂಲ್ ಎಚ್1ರಲ್ಲಿವೆ, ಅಂದರೆ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿ. ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಎಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರ ಕೇಂದ್ರದ ಅಧಿಸೂಚನೆ ಬಂದಮೇಲೆ ಈ ವಿವರ ಆರೋಗ್ಯ ಇಲಾಖೆಗೆ ತಿಳಿಸದಿದ್ದರೆ ಜೈಲು ಅಂತಲೂ ಇದೆ. ಜೈಲಿನ ಮಾತು ನಮಗೆ ತಲುಪಿತು. ಇಂಥವರನ್ನು ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಕೂತು ಹೇಳಿಕೊಟ್ಟವರು ಇಲ್ಲ.

ಈಗ ನಮ್ಮವರ ಹುಳುಕನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ನೆ ನಕ್ಕು ಪತ್ರ ಮಡಚಿಡುತ್ತೀರಿ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ, ಡಾಕ್ಟರ್ ಚೀಟಿಗೆ ಔಷಧಿ ಕೊಡುವವರು ರಿಜಿಸ್ಟರ್ಡ್ ಫಾರ್ಮಸಿಸ್ಟೇ ಆಗಿರಬೇಕು ಅನ್ನುತ್ತದೆ. ನಿಜದಲ್ಲಿ ಎಷ್ಟೋ ಅಂಗಡಿಗಳಲ್ಲಿ ಗೋಡೆ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ಸರ್ಟಿಫಿಕೇಟ್ ತಿಂಗಳ ಬಾಡಿಗೆಗೆ ಹೋಗಿರುತ್ತದೆ. ಅದರ ಯಜಮಾನ ಇನ್ನೆಲ್ಲೋ ಬೇರೆ ಕೆಲಸದಲ್ಲಿರುತ್ತಾನೆ. ಇದು ಇನ್‌ಸ್ಪೆಕ್ಟರಿಗೂ ಗೊತ್ತು, ಊರಿಗೂ ಗೊತ್ತು. ಹಾಗಂತ ಬರೀ ದಂಡದಿಂದ ಇದು ಸರಿಹೋಗುವುದಿಲ್ಲ. ಫಾರ್ಮಸಿಸ್ಟ್ ಅಂಗಡಿಯಲ್ಲಿ ಕೂತರೂ ಕೂರದಿದ್ದರೂ ಅಂಗಡಿಗೆ ಬರುವ ಆದಾಯ ಒಂದೇ. ಹಾಗಿರುವಾಗ ಮಾಲೀಕ ಅವನಿಗೆ ಪೂರ್ತಿ ಸಂಬಳ ಯಾಕೆ ಕೊಟ್ಟಾನು? ಅವನು ಇದ್ದರೆ ಮಾತ್ರ ಬರುವ ಆದಾಯ ಒಂದು ಇರಲಿ. ಆಗ ಸರ್ಟಿಫಿಕೇಟ್ ತಾನಾಗೇ ಗೋಡೆ ಇಳಿದು ಕುರ್ಚಿಗೆ ಬರುತ್ತದೆ.

ಕಲಿತವರಿಗೆ ನಮ್ಮಲ್ಲಿ ಕೊರತೆ ಇಲ್ಲ. ರೋಗಿಯ ಪಕ್ಕ ನಿಂತು ಔಷಧಿ ನೋಡಿಕೊಳ್ಳುವ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಓದು ದೇಶದಲ್ಲಿ ಮೊದಲು ಶುರುವಾದ ಕಡೆಗಳಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜೂ ಒಂದು, 1990ರ ದಶಕದಲ್ಲೇ. 2008ರಿಂದ ಆರು ವರ್ಷದ ಫಾರ್ಮ್‌ಡಿ ಕೋರ್ಸ್ ಇದೆ. ಅದರಲ್ಲಿ ಆಸ್ಪತ್ರೆ ವಾರ್ಡಿನಲ್ಲಿ ಕಲಿಯುತ್ತಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟ್‌ನ ಕೆಲಸ ಅಂತ ಬರೆದೇ ಇದೆ. ಆದರೆ ಫಾರ್ಮ್‌ಡಿ ಮುಗಿಸಿದ ನಮ್ಮೂರ ಹುಡುಗಿಯರು ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ ಹಾಕುತ್ತಾ ಕೂತಿದ್ದಾರೆ. ತಪ್ಪೇನಿಲ್ಲ, ಸಂಬಳ ಬರುತ್ತದೆ. ಹೊಟ್ಟೆ ಉರಿಯುವುದು ನಮಗೆ, ಅಷ್ಟೇ.

ಡಾಕ್ಟರುಗಳ ಸಂಘದವರು ಏನು ಹೇಳುತ್ತಾರೆ ಅಂತ ಗೊತ್ತು: ಇವರಿಗೆ ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ. ಚೀಟಿ ಬರೆಯುವ ಅಧಿಕಾರ ನಾನು ಕೇಳುತ್ತಿಲ್ಲ. ಈಗ ಇರುವ ಕಾನೂನಿನ ಒಳಗೇ, ಒಂದೇ ಒಂದು ತಾಲ್ಲೂಕಿನಲ್ಲಿ, ಒಂದು ವರ್ಷ ಮಾಡಿ ನೋಡಿ. ಒಪ್ಪಿ ಬಂದ ಅಂಗಡಿಗಳು ಮಾತ್ರ ಸೇರಲಿ. ಫಾರ್ಮಸಿಸ್ಟ್‌ನ ಫೋಟೊ, ನೋಂದಣಿ ಸಂಖ್ಯೆ ಗಿರಾಕಿಗೆ ಕಾಣುವ ಹಾಗೆ ತೂಗುಹಾಕಲಿ, ಮನುಷ್ಯ ಅದರ ಕೆಳಗೇ ಕೂತಿರಬೇಕು. ಎರಡು ವಾರ ದಾಟಿದ ಕೆಮ್ಮಿನವರನ್ನು ಪಿಎಚ್‌ಸಿಗೆ ಕಳಿಸಿ, ಅವರು ಅಲ್ಲಿ ತಲುಪಿ ಪರೀಕ್ಷೆ ಆದರೆ ಅಂಗಡಿಗೆ ಇಷ್ಟು ಅಂತ ಕೊಡಿ. ಬಿಪಿ, ಶುಗರ್ ಮಾತ್ರೆ ತಪ್ಪಿಸಿದವರಿಗೆ ಫೋನ್ ಮಾಡಿ, ಅವರು ವಾಪಸ್ ಬಂದರೆ ಅದಕ್ಕೂ ಇಷ್ಟು. ಅವರು ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆಗೆ ಹೋದರೂ ಸರಿ, ನಮ್ಮ ಹತ್ತಿರವೇ ಕೊಳ್ಳಬೇಕು ಅಂತಿಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ನಂಬರ್ ಬರೆದುಕೊಳ್ಳುವಂತಿಲ್ಲ. ಸುಳ್ಳು ಲೆಕ್ಕ ಬರೆದವರನ್ನು ಯೋಜನೆಯಿಂದ ಕಿತ್ತುಹಾಕಿ.

ಆ್ಯಂಟಿಬಯಾಟಿಕ್‌ಗೆ ಮಾತ್ರ ಈ ದಾರಿ ಸಾಲದು. ಒಂದು ಅಂಗಡಿ ಇಲ್ಲ ಅಂದರೆ ಇನ್ನೊಂದರಲ್ಲಿ ಸಿಗುವ ತನಕ ಏನೂ ಬದಲಾಗುವುದಿಲ್ಲ. ಪಕ್ಕದ ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಅಂತ ಶುರು ಮಾಡಿ, ಚೀಟಿ ಇಲ್ಲದೆ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಮಾಡಿತು. ನಮ್ಮ ಔಷಧ ನಿಯಂತ್ರಣದವರೂ ಒಂದು ಊರಿನ ಎಲ್ಲಾ ಅಂಗಡಿಗಳಿಗೂ ಒಂದೇ ದಿನ ಬರಲಿ. ನನ್ನ ಅಂಗಡಿಗೂ ಬರಲಿ.

2025ರ ಅಕ್ಟೋಬರ್ ನೆನಪಿದೆ ಅಲ್ವಾ? ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದೇ ತಿಂಗಳು, ಸಕ್ಕರೆ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಸಿರಪ್‌ನೊಳಗಿನ ವಿಷ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅದು ಲ್ಯಾಬಿನ ಕೆಲಸ. ಆದರೆ ಒಂದೂವರೆ ವರ್ಷದ ಮಗುವಿಗೆ ಕೆಮ್ಮಿನ ಸಿರಪ್ಪೇ ಬೇಡ ಅಂತ ತಾಯಿಗೆ ಹೇಳುವುದು, ಭೇದಿ ಆಗುತ್ತಿರುವ ಮಗುವಿಗೆ ಜ್ಯೂಸಿನಂಥ ಆ ಪೊಟ್ಟಣ ಒಳಗಿಟ್ಟು ನಿಜವಾದ ಓಆರ್‌ಎಸ್ ಪುಡಿ ಕೊಟ್ಟು, ಪ್ಯಾಕೆಟ್ ಮೇಲೆ ಹೇಳಿದಷ್ಟು ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, ಅರ್ಧರ್ಧ ಮಾಡಬೇಡಿ ಅಂತ ತೋರಿಸುವುದು ನಮ್ಮ ಕೆಲಸ. ಪುಡಿಗೆ ಸಿಗುವ ಲಾಭ ಆ ಪಾನೀಯಕ್ಕಿಂತ ಕಡಿಮೆ. ಇದನ್ನೂ ನಿಮ್ಮ ಲೆಕ್ಕದಲ್ಲಿ ಬರೆದುಕೊಳ್ಳಿ.

ಯಾವ ತಾಲ್ಲೂಕು ಆರಿಸುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ನಮ್ಮದೇ ಆದರೆ ನನ್ನ ಎಚ್1 ರಿಜಿಸ್ಟರ್, ಬಿಲ್ ಪುಸ್ತಕ, ಫ್ರಿಜ್‌ನ ತಾಪಮಾನದ ಪಟ್ಟಿ ಎಲ್ಲವನ್ನೂ ನಿಮ್ಮ ಅಧಿಕಾರಿಗಳ ಮುಂದೆ ಇಡುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಆ ಹೊತ್ತಿಗೆ ಕಳಿಸಿದರೆ ಕೂತು ಮಾತಾಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ರಿಜಿಸ್ಟರ್ಡ್ ಫಾರ್ಮಸಿಸ್ಟ್